ಮುದಿ ಎತ್ತಿನ ಲೆಕ್ಕ

ಹೋದ ವರ್ಷ ಮಣ್ಣೆತ್ತಿನ ಅಮಾವಾಸ್ಯೆಗೆ ನಾನು ರಾಯಚೂರು ಜಿಲ್ಲೆಯ ಮಾನ್ವಿ ತಾಲ್ಲೂಕಿನ ಹಿರೇಕೊಟ್ನೆಕಲ್ ಗ್ರಾಮದಲ್ಲಿದ್ದೆ. ಪರಿಚಯದವರ ಒಕ್ಕಲುತನದ ಮನೆ. ಪಡಸಾಲೆಯ ಗೂಡಿನಲ್ಲಿ ಎರೆಮಣ್ಣಿನ ಜೋಡಿ ಎತ್ತುಗಳನ್ನು ನಿಲ್ಲಿಸಿ, ಮುಂದೆ ಬೊಗಸೆಯಷ್ಟು ದೊಡ್ಡದಾದ ಮಣ್ಣಿನ ಗೋದಲಿಯನ್ನಿಟ್ಟು ಪೂಜಿಸಿದ್ದರು. ಹೋಳಿಗೆಯ ನೈವೇದ್ಯವೂ ಆಗಿತ್ತು. ಊಟ ಮುಗಿಸಿ ಹಿತ್ತಿಲ ಕಡೆಗೆ ಹೋದಾಗ ಮನೆಯ ನಿಜವಾದ ಗೋದಲಿ ಕಣ್ಣಿಗೆ ಬಿತ್ತು. ಅದರ ತುಂಬ ರಸಗೊಬ್ಬರದ ಚೀಲಗಳನ್ನು ಒಟ್ಟಿದ್ದರು. ಗೋಡೆಯ ಗೂಟಕ್ಕೆ ಹಳೆಯ ಹಗ್ಗವೊಂದು ಜೋತುಬಿದ್ದಿತ್ತು.

“ಎತ್ತುಗಳೆಲ್ಲಿ ಯಜಮಾನರೆ?” ಎಂದು ಕೇಳಿದೆ.

“ಜೀವದೆತ್ತು ಮಾರಿ ಮೂರು ವರ್ಷ ಆತ್ರಿ. ಈಗ ಗೂಡಿನಾಗಿನವೇ ನಮ್ಮೆತ್ತು. ಇವು ಸೊಪ್ಪೆ ಕೇಳಂಗಿಲ್ಲ, ನೀರು ಕೇಳಂಗಿಲ್ಲ,” ಎಂದು ಆ ಹಿರಿಯರು ನಕ್ಕರು. ಆ ಮೇಲೆ ಕೊಂಚ ತಡೆದು, “ಹಗ್ಗ ಕೊಡಲಿಲ್ರಿ. ಹಗ್ಗ ಬಿಚ್ಚಿಕೊಂಡು ಹೊಳ್ಳಿ ನೋಡದಂಗ ಬಂದೆ,” ಎಂದರು.

ರಾತ್ರಿ ಅವರ ಮೊಮ್ಮಗಳು ಶಾಲೆಯಲ್ಲಿ ಕಲಿತ ಪುಣ್ಯಕೋಟಿಯ ಪದ್ಯವನ್ನು ಒಪ್ಪಿಸಿದಳು. ಅಜ್ಜನ ಕಣ್ಣು ಒದ್ದೆಯಾಯಿತು. ನನ್ನದೂ ಆಯಿತು, ಆ ಪದ್ಯವನ್ನು ಒಣಗಣ್ಣಿನಿಂದ ಕೇಳಬಲ್ಲ ಕನ್ನಡಿಗ ಇದ್ದಾನೆಂದು ನಾನು ನಂಬುವುದಿಲ್ಲ. ಆದರೆ ಆ ರಾತ್ರಿ ನನಗೆ ಬಹಳ ಹೊತ್ತು ನಿದ್ರೆ ಬರಲಿಲ್ಲ. ಮಣ್ಣಿನ ಎತ್ತಿಗೆ ಆರತಿ ಎತ್ತಿದ ಕೈಯೂ ಮುದಿ ಎತ್ತಿನ ಕೊರಳಿನಿಂದ ಹಗ್ಗ ಬಿಚ್ಚಿದ ಕೈಯೂ ಒಂದೇ. ಈ ಎರಡು ಕೈಗಳನ್ನು ಒಬ್ಬನೇ ಮನುಷ್ಯನಲ್ಲಿ ಕಂಡ ಕೃತಿ ನಮ್ಮಲ್ಲಿ ಯಾವುದಿದೆ? ಈ ಲೇಖನ ಆ ಪ್ರಶ್ನೆಯಿಂದ ಹುಟ್ಟಿತು.

ಮೊದಲು ಲೆಕ್ಕವನ್ನು ಹೇಳಬೇಕು. ಪಟ್ಟಣದ ವಾಚಕರಿಗೆ ಅದು ಅಷ್ಟಾಗಿ ಪರಿಚಿತವಲ್ಲ. ಎತ್ತಿನ ವ್ಯಾಪಾರವೆಲ್ಲ ಅದರ ಬಾಯಿಯಲ್ಲಿದೆ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಕಡೆಗೆ ಬಾಯಿ ಕೂಡಿದ್ದು — ಹೀಗೆ ಅದರ ವಯಸ್ಸನ್ನು ಎಣಿಸುತ್ತಾರೆ. ಜಾತ್ರೆಯಲ್ಲಿ ದಲ್ಲಾಳಿ ತುಟಿ ಎತ್ತಿ ಹಲ್ಲು ನೋಡುತ್ತಾನೆ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಎಳೆಯ ಹೋರಿಯನ್ನು ಕೊಂಡು, ಪಳಗಿಸಿ, ಕೆಲವು ವರ್ಷ ದುಡಿಸಿ, ಮೈಯಲ್ಲಿ ಕಸುವಿರುವಾಗಲೇ ಮಾರಿ, ಬಂದ ಹಣಕ್ಕೆ ಕೈಯಿಂದ ಇನ್ನಷ್ಟು ಕೂಡಿಸಿ ಮತ್ತೊಂದು ಎಳೆಯ ಜೋಡಿಯನ್ನು ತರುವುದು ಒಕ್ಕಲಿಗನ ಪದ್ಧತಿ. ಅವನು ಮಾರಿದ ಎತ್ತು ಇನ್ನೂ ಸಣ್ಣ ಒಕ್ಕಲಿಗನ ಮನೆ ಸೇರುತ್ತದೆ. ಅವನಿಂದ ಬಂಡಿ ಹೊಡೆಯುವವನಿಗೆ. ಅಲ್ಲಿಂದ ಕಡೆಯ ಸಂತೆಗೆ. ಆ ಕಡೆಯ ಸಂತೆಯಲ್ಲಿ ಕೊಳ್ಳುವವನು ಕಟುಕ. ಮೇಲಿನ ಮೆಟ್ಟಿಲುಗಳ ಬೆಲೆಯೆಲ್ಲ ಈ ಕೆಳಗಿನ ಮೆಟ್ಟಿಲಿನ ಮೇಲೆ ನಿಂತಿರುತ್ತದೆ. ಅದನ್ನು ತೆಗೆದರೆ ಮುದಿ ಎತ್ತಿನ ಬೆಲೆಯೊಂದೇ ಇಳಿಯುವುದಿಲ್ಲ. ಎಳೆಯ ಹೋರಿಯನ್ನು ಕೊಳ್ಳುವವನೂ ಹಿಂದೆಮುಂದೆ ನೋಡುತ್ತಾನೆ. ಕೊನೆಗೆ ಅದನ್ನು ಏನು ಮಾಡಲಿ ಎಂಬ ಚಿಂತೆ ಕೊಳ್ಳುವ ದಿನವೇ ಮೊದಲಾಗುತ್ತದೆ.

ಹಿರೇಕೊಟ್ನೆಕಲ್‌ನಂಥ ಊರಿನಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಕಥೆಯೂ ಸೇರಿದೆ. ಕೃಷ್ಣಾ ತೀರದ ಎರೆಭೂಮಿ ಭಾರವಾದ ನೆಲ. ಅದನ್ನು ಉಳಲೆಂದೇ 19ನೆಯ ಶತಮಾನದ ಉತ್ತರಾರ್ಧದಲ್ಲಿ ದೊಡ್ಡ ಮೈಕಟ್ಟಿನ ಕೃಷ್ಣಾ ಕಣಿವೆಯ ತಳಿ ರೂಪುಗೊಂಡಿತು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಎಡದಂಡೆಯ ಕಾಲುವೆ ಬಂದ ಕಡೆಯಲ್ಲೆಲ್ಲ ಜೋಳದ ಹೊಲ ಬತ್ತದ ಗದ್ದೆಯಾಯಿತು. ಜೋಳದೊಡನೆ ಸೊಪ್ಪೆಯ ಬಣವೆಯೂ ಹೋಯಿತು. ಗದ್ದೆಗೆ ಟ್ರ್ಯಾಕ್ಟರು ಬಂತು, ಕೊಯ್ಲಿಗೆ ಯಂತ್ರ ಬಂತು. ಇಂದು ರಾಯಚೂರಿನಲ್ಲಿ ಕಾರಹುಣ್ಣಿಮೆಯ ಮುಂಗಾರು ಹಬ್ಬಕ್ಕೆ ಹೋದರೆ ಟನ್ನುಗಟ್ಟಲೆ ತೂಕದ ಕಲ್ಲನ್ನು ಎಳೆಯುವ ಭವ್ಯವಾದ ಎತ್ತುಗಳನ್ನು ಕಾಣಬಹುದು. ಅವು ಪೈಲ್ವಾನರು, ಉಳುವ ಎತ್ತುಗಳಲ್ಲ. ರಾಜ್ಯದ ದನಗಳ ಸಂಖ್ಯೆ 2012ರ ಜಾನುವಾರು ಗಣತಿಯಲ್ಲಿ ಸುಮಾರು 95 ಲಕ್ಷವಿದ್ದದ್ದು 2019ರಲ್ಲಿ ಸುಮಾರು 85 ಲಕ್ಷಕ್ಕೆ ಇಳಿಯಿತು. ಗೋಹತ್ಯೆಯ ಹೊಸ ಕಾನೂನು ಬರುವ ಮೊದಲೇ ಇದು ನಡೆದದ್ದೆಂಬುದನ್ನು ನ್ಯಾಯವಾಗಿ ಹೇಳಬೇಕು.

ಇನ್ನು ಸಾಹಿತ್ಯಕ್ಕೆ ಬರೋಣ.

‘ಗೋವಿನ ಹಾಡು’ ಸತ್ಯದ ಕಾವ್ಯ. ಕೊಟ್ಟ ಮಾತಿಗಾಗಿ ಪ್ರಾಣವನ್ನು ಒಪ್ಪಿಸಲು ಬಂದ ತಾಯಿಯ ಮುಂದೆ ಹುಲಿ ಸೋಲುತ್ತದೆ. ಅದರ ರಸದ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ಅಜ್ಞಾತನಾದ ಆ ಕವಿ ತನ್ನ ನಾಯಿಕೆಯನ್ನು ಯಾವ ವಯಸ್ಸಿನಲ್ಲಿ ಆರಿಸಿಕೊಂಡನೆಂಬುದನ್ನು ಗಮನಿಸಿ. ಪುಣ್ಯಕೋಟಿಗೆ ಎಳೆಗರುವಿದೆ, ಕೆಚ್ಚಲಲ್ಲಿ ಹಾಲಿದೆ. ಗೊಲ್ಲನ ಹಟ್ಟಿಯಲ್ಲಿ ಅವಳು ಅತ್ಯಂತ ಬೆಲೆಯುಳ್ಳ ದಿನಗಳವು. ಧರ್ಮವೂ ಲಾಭವೂ ಒಂದೇ ದಾರಿಯಲ್ಲಿ ನಡೆಯುವ ವಯಸ್ಸು ಅದು. ಹಾಲು ಬತ್ತಿ, ಕರು ಬೆಳೆದು, ಕಾಡಿಗೆ ನಡೆದುಹೋಗುವ ಶಕ್ತಿಯೂ ಇಲ್ಲದ ಪುಣ್ಯಕೋಟಿಯನ್ನು ಕಾಳಿಂಗ ಏನು ಮಾಡಿದ? ಹಾಡು ಅಲ್ಲಿಗೆ ಹೋಗುವುದಿಲ್ಲ. ಇನ್ನೊಂದು ಸಂಗತಿ: ಹಾಡಿನಲ್ಲಿ ಹಸಿದವನು ಒಬ್ಬನೇ, ಹುಲಿ. ಅವನ ಹಸಿವಿಗೆ ಕವಿಯ ಬಳಿ ಉತ್ತರವಿಲ್ಲ. ಅವನು ನಾಚಿ ಸಾಯುತ್ತಾನೆ. ನೀತಿಕಥೆಗೆ ಅದು ಸುಂದರವಾದ ಮುಕ್ತಾಯ. ಆದರೆ ನಾವು ಈ ಹಾಡನ್ನೇ ದನಸಾಕಣೆಯ ಶಾಸ್ತ್ರವೆಂದು ಭಾವಿಸಿದರೆ, ಕೊಳ್ಳುವವನು ನಾಚಿ ಸತ್ತ ಮೇಲೆ ಎಲ್ಲವೂ ಸುಖಾಂತವಾಗುವುದೆಂದು ನಂಬಿಬಿಡುತ್ತೇವೆ.

ಇದು ನನ್ನ ಕಲ್ಪನೆಯ ಭಯವಲ್ಲ. 2022ರಲ್ಲಿ ರಾಜ್ಯ ಸರ್ಕಾರ ಗೋಶಾಲೆಯ ದನಗಳನ್ನು ಸಾರ್ವಜನಿಕರು ದತ್ತು ಪಡೆಯುವ ಯೋಜನೆಯೊಂದನ್ನು ತಂದಿತು. ಅದರ ಹೆಸರೇ ‘ಪುಣ್ಯಕೋಟಿ ದತ್ತು ಯೋಜನೆ’. ಒಂದು ದನಕ್ಕೆ ವರ್ಷಕ್ಕೆ ರೂ. 11,000, ಅಂದರೆ ದಿನಕ್ಕೆ ಸುಮಾರು 30 ರೂಪಾಯಿ. ಕಾವ್ಯ ಬಿಟ್ಟುಹೋದ ಲೆಕ್ಕದ ಪುಟವನ್ನು ಸರ್ಕಾರ ಬರೆಯಹೊರಟಿತೆಂದು ಹೇಳಬಹುದು. ಹೆಸರು ಕಾವ್ಯದ್ದು, ಬಾಕಿಯ ಮೊಬಲಗು ಹಿರೇಕೊಟ್ನೆಕಲ್‌ನ ಯಜಮಾನರಂಥವರದು.

ಎರಡನೆಯದು ಶಿವರಾಮ ಕಾರಂತರ ‘ಚೋಮನ ದುಡಿ’ (1933). ಈ ಕಾದಂಬರಿಯನ್ನು ಅಸ್ಪೃಶ್ಯತೆಯ ದುರಂತವೆಂದು ನಾವು ಓದುತ್ತ ಬಂದಿದ್ದೇವೆ, ಅದು ಸರಿ. ಆದರೆ ಅದು ಎತ್ತಿನ ಅರ್ಥಶಾಸ್ತ್ರದ ಕಾದಂಬರಿಯೂ ಹೌದು ಎಂಬುದು ಹಿರೇಕೊಟ್ನೆಕಲ್‌ನಿಂದ ಬಂದ ಮೇಲೆ ಮತ್ತೆ ಓದಿದಾಗ ನನಗೆ ಹೊಳೆಯಿತು. ಚೋಮನ ಬಳಿ ಜೋಡಿ ಎತ್ತುಗಳಿವೆ, ಉಳಲು ನೆಲವಿಲ್ಲ. ನೆಲವಿಲ್ಲದವನ ಕೈಯಲ್ಲಿ ಎತ್ತು ಬಂಡವಾಳವೂ ಅಲ್ಲ, ಆಸ್ತಿಯೂ ಅಲ್ಲ. ಅದು ಮೇವು ಬೇಡುವ ಕನಸು. ತೋಟದ ಸಾಲ ಅವನ ತಲೆಯ ಮೇಲಿದೆ. ಆ ಸಾಲ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಎಳೆದುಕೊಳ್ಳುತ್ತದೆ. ಎತ್ತುಗಳು ಮಾತ್ರ ಕೊನೆಯವರೆಗೂ ಅವನಲ್ಲಿ ಉಳಿಯುತ್ತವೆ. ಲೆಕ್ಕ ಬಲ್ಲವನು ಇದನ್ನು ಮೌಢ್ಯವೆನ್ನುವನು. ಕಾರಂತರು ಹಾಗೆನ್ನುವುದಿಲ್ಲ, ಅದನ್ನು ಪೂಜೆಯೆಂದೂ ಕರೆಯುವುದಿಲ್ಲ. ಎತ್ತು ಇದ್ದರೆ ತಾನು ಬೇಸಾಯಗಾರ, ಇಲ್ಲದಿದ್ದರೆ ಬರಿಯ ಕೂಲಿ ಎಂಬ ಮರ್ಯಾದೆಯ ಪ್ರಶ್ನೆ ಅದು. ಕಡೆಯಲ್ಲಿ ಚೋಮ ನೇಗಿಲನ್ನು ಸುಟ್ಟು ಎತ್ತುಗಳನ್ನು ಕಾಡಿಗೆ ಅಟ್ಟುತ್ತಾನೆ; ಗುಡಿಸಲಿನ ಬಾಗಿಲಿಕ್ಕಿಕೊಂಡು ದುಡಿ ಬಾರಿಸುತ್ತ ಪ್ರಾಣ ಬಿಡುತ್ತಾನೆ.

ಈ ಕಾಡಿಗೆ ಅಟ್ಟುವ ಚಿತ್ರವನ್ನು ವಾಚಕರು ನೆನಪಿನಲ್ಲಿಡಬೇಕು. ಉಳಲಾಗದ, ಮಾರಲಾಗದ, ಸಾಕಲಾಗದ ದನಕ್ಕೆ ಉಳಿಯುವ ದಾರಿ ಅದೊಂದೇ. 2019ರ ಗಣತಿಯಲ್ಲಿ ದೇಶದಲ್ಲಿ ಒಡೆಯರಿಲ್ಲದೆ ಅಲೆಯುವ ದನಗಳು ಸುಮಾರು 50 ಲಕ್ಷವೆಂದು ಎಣಿಸಲಾಯಿತು. ಅವುಗಳಿಗೆ ಚೋಮನ ಕಾಡೂ ಇಲ್ಲ. ಹೆದ್ದಾರಿಯ ನಡುವಿನ ಕಟ್ಟೆಯೇ ಕಾಡು. ಬೆಂಗಳೂರಿನ ವಾಚಕರು ತಮ್ಮ ಬೀದಿಯ ಮೂಲೆಯಲ್ಲಿ ಕಸ ಮೇಯುವ ಹಸುವನ್ನು ಕಂಡಿಲ್ಲವೆ?

ಮೂರನೆಯದು ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ (1968). ಹೆಸರಿನಲ್ಲೇ ಪುಣ್ಯಕೋಟಿಯ ನೆನಪನ್ನು ಹೊತ್ತ ಈ ಕಾದಂಬರಿ ಮುದಿ ಹಸುವಿನ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಂಡಿತು. ಆ ಧೈರ್ಯಕ್ಕೆ ನಾವು ಕೃತಜ್ಞರಾಗಿರಬೇಕು. ಹಾಡಿನ ಗೊಲ್ಲನ ವಂಶವೆಂದು ಹೇಳಿಕೊಳ್ಳುವ ಮನೆತನದ ಕಾಳಿಂಗ ಅಮೆರಿಕೆಯಲ್ಲಿ ಕೃಷಿಶಾಸ್ತ್ರ ಕಲಿತು ಬರುತ್ತಾನೆ. ಅವನ ಹೆಂಡತಿ ಅಲ್ಲಿಯವಳು. ಹಾಲು ಕೊಡದ ಹಸುವನ್ನು ಸಾಕುವುದು ಅವನ ಶಾಸ್ತ್ರಕ್ಕೆ ಒಗ್ಗದು. ಊರಿಗೂ ಅವನಿಗೂ ಘರ್ಷಣೆಯಾಗುತ್ತದೆ. ಕೊನೆಗೆ ಕಟುಕರ ಪಾಲಾದ ತನ್ನ ಹಸುಗಳನ್ನು ಮರಳಿ ಪಡೆಯಲು ಅವನೇ ಬೆನ್ನಟ್ಟಿ ಹೋಗುತ್ತಾನೆ. ಆ ಭಾಗದ ಆರ್ತತೆ ಓದಿದವರನ್ನು ಬಿಡುವುದಿಲ್ಲ.

ಆದರೂ ನನ್ನ ಆಕ್ಷೇಪಣೆ ಇಲ್ಲಿಯೇ ಇದೆ. ಕಾದಂಬರಿಯಲ್ಲಿ ಭಕ್ತಿ ಊರಿನದು, ಲೆಕ್ಕ ಅಮೆರಿಕೆಯದು. ಮುದಿ ದನವನ್ನು ಮಾರುವುದನ್ನು ನಮ್ಮವನೊಬ್ಬ ಕಡಲು ದಾಟಿಹೋಗಿ ಕಲಿತುಬಂದನೆಂಬಂತೆ ಕಥೆ ನಡೆಯುತ್ತದೆ. ಹಿರೇಕೊಟ್ನೆಕಲ್‌ನ ನನ್ನ ಯಜಮಾನರು ರಾಯಚೂರು ದಾಟಿ ಹೋದದ್ದು ಮಂತ್ರಾಲಯಕ್ಕೂ ಶ್ರೀಶೈಲಕ್ಕೂ ಮಾತ್ರ. ಅವರು ಎತ್ತನ್ನು ಪೂಜಿಸಿದ್ದಾರೆ, ದುಡಿಸಿದ್ದಾರೆ, ಮಾರಿದ್ದಾರೆ, ಹಗ್ಗವನ್ನು ಇಟ್ಟುಕೊಂಡಿದ್ದಾರೆ. ಈ ನಾಲ್ಕೂ ಒಬ್ಬನೇ ಮನುಷ್ಯ ಮಾಡುವ ಕೆಲಸಗಳು. ಕಾದಂಬರಿಕಾರರು ಈ ಮನುಷ್ಯನನ್ನು ಎರಡಾಗಿ ಸೀಳಿ, ಒಂದು ಭಾಗಕ್ಕೆ ಪಂಚೆಯನ್ನೂ ಇನ್ನೊಂದಕ್ಕೆ ಪ್ಯಾಂಟನ್ನೂ ತೊಡಿಸಿದರು. ಅದರಿಂದ ಘರ್ಷಣೆ ಸ್ಪಷ್ಟವಾಯಿತು, ನಾಟಕೀಯವೂ ಆಯಿತು. ಆದರೆ ಒಳಗಿನ ನಿಜವಾದ ಘರ್ಷಣೆ ತಪ್ಪಿಹೋಯಿತು.

ಕಾದಂಬರಿ ಬರುವುದಕ್ಕೆ ಎರಡು ವರ್ಷ ಮೊದಲು, 1966ರಲ್ಲಿ, ಮಾರ್ವಿನ್ ಹ್ಯಾರಿಸ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು ಇದರ ವಿರುದ್ಧ ದಿಕ್ಕಿನಿಂದ ಒಂದು ವಾದ ಹೂಡಿದ್ದರು. ಗೋಪೂಜೆ ಮೌಢ್ಯವಲ್ಲ, ಹಸು ಎತ್ತಿನ ತಾಯಿ, ಸಗಣಿಯೇ ಉರುವಲು ಮತ್ತು ಗೊಬ್ಬರ, ಬರಗಾಲದಲ್ಲಿ ಹಸುವನ್ನು ತಿಂದವನಿಗೆ ಮಳೆ ಬಂದ ಮೇಲೆ ಬೇಸಾಯವಿಲ್ಲ ಎಂಬುದು ಅವರ ಮಾತಿನ ಸಾರ. ಅಮೆರಿಕದವರೊಬ್ಬರು ಭಕ್ತಿಯೊಳಗೆ ಲೆಕ್ಕವನ್ನು ಕಂಡರು; ನಮ್ಮವರು ಲೆಕ್ಕವನ್ನು ಅಮೆರಿಕಕ್ಕೆ ಒಪ್ಪಿಸಿದರು! ಹ್ಯಾರಿಸರ ವಾದವನ್ನು ಅರ್ಥಶಾಸ್ತ್ರಜ್ಞರು ಅನೇಕ ಕಡೆ ಪ್ರಶ್ನಿಸಿದರು, ಅದು ಬೇರೆ ವಿಷಯ. ಆದರೆ ಅವರು ಎತ್ತಿ ತೋರಿಸಿದ ಒಂದು ಸಂಗತಿ ಉಳಿಯಿತು. ಎತ್ತಿನ ಕೆಲಸ ಕಡಿಮೆಯಿರುವ ಕೇರಳದಲ್ಲಿ ಗಂಡುಕರುಗಳು ವಿರಳ. ಉಳುಮೆಗೆ ಎತ್ತೇ ಬೇಕಾಗಿದ್ದ ಅಂದಿನ ಉತ್ತರ ಪ್ರದೇಶದಲ್ಲಿ ಹಸುಗಳಿಗಿಂತ ಎತ್ತುಗಳೇ ಹೆಚ್ಚಾಗಿದ್ದವು. ಕರುವನ್ನು ಕೊಂದೆನೆಂದು ಯಾವ ರೈತನೂ ಹೇಳುವುದಿಲ್ಲ. ಆದರೂ ಲೆಕ್ಕ ತನ್ನ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಲೇ ಇತ್ತು.

ನಮ್ಮ ಸಂವಿಧಾನದ 48ನೆಯ ಅನುಚ್ಛೇದವನ್ನು ಸಾಹಿತ್ಯದ ವಿದ್ಯಾರ್ಥಿಯೊಬ್ಬ ಓದುವಂತೆ ಓದಿ ನೋಡಿ. ಪಶುಸಂಗೋಪನೆಯನ್ನು ಆಧುನಿಕವಾಗಿ, ವೈಜ್ಞಾನಿಕವಾಗಿ ನಡೆಸಬೇಕೆಂಬ ಆಶಯವೂ ಗೋವಧೆಯನ್ನು ನಿಷೇಧಿಸಬೇಕೆಂಬ ಆಶಯವೂ ಅಲ್ಲಿ ಒಂದೇ ವಾಕ್ಯದೊಳಗೆ ಇವೆ. ಭೈರಪ್ಪನವರ ಕಾಳಿಂಗನೂ ಅವನ ಅಜ್ಜನೂ ಒಂದೇ ಸೂರಿನಡಿ ಕುಳಿತಂತೆ! 1958ರಲ್ಲಿ ಸರ್ವೋಚ್ಚ ನ್ಯಾಯಾಲಯ ಹಸು–ಕರುಗಳ ವಧೆಯನ್ನು ಪೂರ್ತಿಯಾಗಿ ನಿಷೇಧಿಸಬಹುದು, ಕೆಲಸಕ್ಕೆ ಬಾರದ ಎತ್ತನ್ನು ಹಾಗೆ ನಿಷೇಧಿಸಲಾಗದು ಎಂದಿತು. 2005ರಲ್ಲಿ ಅದೇ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠ ಮುದಿ ಎತ್ತಿನ ಸಗಣಿ, ಗಂಜಲಕ್ಕೂ ಬೆಲೆಯಿದೆಯೆಂದು ಹೇಳಿ ಪೂರ್ಣ ನಿಷೇಧವನ್ನು ಎತ್ತಿಹಿಡಿಯಿತು. ನಮ್ಮ ರಾಜ್ಯದ 1964ರ ಕಾಯಿದೆ 12 ವರ್ಷ ಮೀರಿದ ಅಥವಾ ಅಶಕ್ತವಾದ ಎತ್ತಿಗೆ ಪರವಾನಗಿಯ ಬಾಗಿಲನ್ನು ತೆರೆದಿಟ್ಟಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ಆ ಬಾಗಿಲನ್ನು ಮುಚ್ಚಿತು. 13 ವರ್ಷ ಮೀರಿದ ಎಮ್ಮೆ, ಕೋಣಗಳಿಗೆ ಮಾತ್ರ ಅವಕಾಶ ಉಳಿಯಿತು. ತಪ್ಪಿದವರಿಗೆ ಮೂರರಿಂದ ಏಳು ವರ್ಷದ ಸೆರೆ. ಹೊರದೇಶಗಳಿಗೆ ಭಾರತದಿಂದ ಹೋಗುವುದೂ ಎಮ್ಮೆಯ ಮಾಂಸವೇ. ಹಸುವಿನ ಮಾಂಸದ ರಫ್ತಿಗೆ ಅನುಮತಿಯಿಲ್ಲ. ಜಗತ್ತಿನ ದನದ ಮಾಂಸದ ವ್ಯಾಪಾರದ ಪಟ್ಟಿಯಲ್ಲಿ ಭಾರತದ ಹೆಸರು ಮೇಲಿನ ಸಾಲಿನಲ್ಲಿರುವುದಕ್ಕೆ ಎಮ್ಮೆಯೇ ಕಾರಣ. ಪುಣ್ಯಕೋಟಿಗೆ ಹಾಡು ಸಿಕ್ಕಿತು. ಸುಂಕದ ಕಟ್ಟೆಯಲ್ಲಿ ಎಮ್ಮೆ ಸಾಲುಗಟ್ಟಿ ನಿಂತಿತು. ಅವಳಿಗೊಂದು ಹಾಡನ್ನು ನಮ್ಮ ಯಾವ ಕವಿಯೂ ಕಟ್ಟಿದಂತೆ ನನಗೆ ನೆನಪಿಲ್ಲ.

ಸಾಹಿತ್ಯವೇನು ಖಾತೆಯ ಪುಸ್ತಕವೆ ಎಂದು ಸಹೃದಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕಾದಂಬರಿಕಾರ ಮಾರುಕಟ್ಟೆಯ ದರಪಟ್ಟಿ ಕೊಡಲೆಂದು ನಾನು ಕೇಳುತ್ತಿಲ್ಲ. ಗೋವಿನ ವಿಷಯದಲ್ಲಿ ಯಾವ ಕಾನೂನು ಸರಿ ಎಂಬ ತೀರ್ಪನ್ನೂ ಅವನಿಂದ ಬಯಸುವುದಿಲ್ಲ. ಪ್ರೀತಿಯಿಂದ ಸಾಕಿದ ಪ್ರಾಣಿ ಕಟುಕನ ಕೈ ಸೇರಬಾರದೆಂಬ ಭಾವನೆ ಕೋಟ್ಯಂತರ ಜನರಲ್ಲಿ ನಿಜವಾದದ್ದು. ಅದನ್ನು ಹಗುರವಾಗಿ ಕಾಣುವವನು ಹಗ್ಗವನ್ನು ಗೂಟಕ್ಕೆ ತೂಗುಹಾಕಿದ ಆ ಮುದುಕರನ್ನೂ ಅರಿಯಲಾರ. ನಾನು ಕೇಳುವುದು ಇಷ್ಟೇ: ಸಂತೆಯಲ್ಲಿ ಹಗ್ಗ ಬಿಚ್ಚಿದ ಆ ಒಂದು ಗಳಿಗೆಯನ್ನು ಪೂರ್ತಿಯಾಗಿ ಬರೆದವರು ಯಾರು? ಅಲ್ಲಿ ಮಾರುವವನಿದ್ದಾನೆ. ಎದುರಿಗೆ ಕೊಳ್ಳುವವನಿದ್ದಾನೆ; ಅವನಿಗೂ ಮನೆಯಿದೆ, ಮಕ್ಕಳಿದ್ದಾರೆ, ಅವನ ಕಸುಬಿಗೆ ತಲೆಮಾರುಗಳ ಚರಿತ್ರೆಯಿದೆ. ಸತ್ತ ದನವನ್ನು ಎಳೆದು, ಸುಲಿದು, ಚರ್ಮ ಹದಮಾಡಿ ಊರಿಗೆಲ್ಲ ಬಾರುಕೋಲು, ಮೆಟ್ಟು, ಕಪಿಲೆಯ ತೊಗಲು ಒದಗಿಸಿದವನಿದ್ದಾನೆ. ಆ ಮಾಂಸದಿಂದ ಅಗ್ಗದಲ್ಲಿ ಹೊಟ್ಟೆ ತುಂಬಿಸಿಕೊಂಡ ಕೇರಿಯಿದೆ. ಹಾಡಿನಲ್ಲಿ ಇವರೆಲ್ಲರೂ ಸೇರಿ ಒಂದು ಹುಲಿಯಾಗಿದ್ದಾರೆ. ಕಾದಂಬರಿಯಲ್ಲಿ ಕಥೆಯ ಅಂಚಿನಲ್ಲಿ ಕಾದಿರುವ ಕಟುಕರಾಗಿದ್ದಾರೆ. ಮುಖ ಬರೆಯದ ಮನುಷ್ಯನ ಮೇಲೆ ಸಿಟ್ಟುಗೊಳ್ಳುವುದು ಬಹಳ ಸುಲಭ. ಅದರ ಫಲವನ್ನು ನಾವು ದಿನಪತ್ರಿಕೆಯ ಮುಖಪುಟದಲ್ಲಿ ಆಗಾಗ ಓದುತ್ತಿದ್ದೇವೆ.

ಇಷ್ಟನ್ನು ಬರೆದು ಮುಗಿಸಬೇಕೆಂದಿದ್ದೆ. ಆದರೆ ಹಿರೇಕೊಟ್ನೆಕಲ್‌ನ ಮರುದಿನದ ಬೆಳಗನ್ನು ಹೇಳದಿದ್ದರೆ ನನ್ನ ಆಕ್ಷೇಪಣೆ ಅರೆಸತ್ಯವಾದೀತು.

ಬೆಳಗ್ಗೆ ಓಣಿಯ ಹುಡುಗರು ಗುಂಪುಗೂಡಿ ಬಂದರು. ಅವರ ಕೈಯಲ್ಲಿ ಮಣ್ಣಿನ ಎತ್ತು. ಅದರ ಒಂದು ಕಾಲನ್ನು ಮುರಿದಿದ್ದರು. ನಮ್ಮ ಉತ್ತರ ಭಾಗದವರಿಗೆ ಈ ಆಟ ತಿಳಿದದ್ದೇ. ಅಮಾವಾಸ್ಯೆಯ ಮರುದಿನ ಮಕ್ಕಳು ಕುಂಟೆತ್ತನ್ನು ಹಿಡಿದು, ಅದರ ಹೆಸರಿನಲ್ಲಿ ಹಾಡಿಕೊಂಡು, ಮನೆಮನೆಗೆ ಜೋಳ ಬೇಡುತ್ತಾರೆ. ಯಜಮಾನರ ಹೆಂಡತಿ ಮೊರದಲ್ಲಿ ಜೋಳ ತಂದು ಹಾಕಿದರು. ಪಕ್ಕದ ಮನೆಯವರು ಹಾಕಿದರು. ಆಚೆ ಮನೆಯವರೂ ಹಾಕಿದರು.

ನಾನು ಬೆರಗಾದೆ. ಇಷ್ಟು ವರ್ಷ ನೋಡಿಯೂ ನೋಡಿರಲಿಲ್ಲ. ಹಿಂದಿನ ದಿನ ಪೂಜೆ ಪಡೆದದ್ದು ಗಟ್ಟಿಮುಟ್ಟಾದ ಜೋಡಿ. ಮರುದಿನ ಬಾಗಿಲಿಗೆ ಬಂದದ್ದು ಕೆಲಸಕ್ಕೆ ಬಾರದ ಎತ್ತು. ಬರೆದವರು ಬಿಟ್ಟದ್ದನ್ನು ಊರಿನ ಮಕ್ಕಳು ಬಿಟ್ಟಿರಲಿಲ್ಲ. ಅಷ್ಟೇ ಅಲ್ಲ, ಕುಂಟೆತ್ತಿನ ಹೊಟ್ಟೆ ಅದರ ಒಡೆಯನೊಬ್ಬನ ಹೊಣೆಯಲ್ಲ, ಓಣಿಯವರೆಲ್ಲ ಒಂದೊಂದು ಹಿಡಿ ಹಾಕಬೇಕು ಎಂಬ ಲೆಕ್ಕವೂ ಆ ಆಟದಲ್ಲಿ ಇದೆ. ಮುದಿ ದನವನ್ನು ಮಾರಬೇಡವೆಂದು ಹೇಳುವ ನಾವು, ಪಟ್ಟಣದ ಓದುಗರು, ನಮ್ಮ ಹಿಡಿಯನ್ನು ಇದುವರೆಗೆ ಎಷ್ಟು ಹಾಕಿದ್ದೇವೆ? ಸರ್ಕಾರದ ಯೋಜನೆಗೆ ಹೆಸರಿಡುವವರು ಪುಣ್ಯಕೋಟಿಯನ್ನು ಬಿಟ್ಟು ಕುಂಟೆತ್ತನ್ನು ಆರಿಸಿದ್ದರೆ ಹೆಚ್ಚು ನಿಜವಾಗಿರುತ್ತಿತ್ತೆಂದು ನನಗೆ ತೋರಿತು.

ಹೊರಡುವಾಗ ಯಜಮಾನರಿಗೆ ಇದನ್ನೆಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು.

“ಹುಡುಗರು ಜ್ವಾಳ ಒಯ್ದು ಅಂಗಡ್ಯಾಗ ಮಾರ್ತಾರ್ರಿ,” ಎಂದರು. “ಅದರಾಗ ಮಂಡಕ್ಕಿ, ಬೆಲ್ಲ ತಂದು ತಿಂತಾರ. ಕುಂಟೆತ್ತಿಗೆ ಏನೂ ಸಿಗಂಗಿಲ್ಲ.”